ಪ್ರವರೆಯ ದಂಡೆಯ ರೈತರು ಎತ್ತ ಹೋದರು?

ಛತ್ರಪತಿ ಸಂಭಾಜಿನಗರದಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿ ವಾಳೂಜಿನ ಕಾರ್ಖಾನೆಗಳನ್ನು ಹಿಂದೆ ಹಾಕಿ, ಕಾಯಗಾಂವ್ ಟೋಕೆಯ ಹತ್ತಿರ ಗೋದಾವರಿಯನ್ನು ದಾಟುತ್ತದೆ. ಪ್ರವರಾ ನದಿ ಗೋದಾವರಿಯನ್ನು ಕೂಡುವುದು ಅಲ್ಲೇ. ಪ್ರವರೆಯ ಗುಂಟ ಮೇಲಕ್ಕೆ ಹೋದರೆ ಮೊದಲು ನೆವಾಸೆ ಸಿಗುತ್ತದೆ, ಮುಂದೆ ಶ್ರೀರಾಮಪುರ ಸೀಮೆಯ ದೈಮಾಬಾದ್, ಇನ್ನೂ ಮೇಲೆ ಸಂಗಮನೇರದ ಬಳಿಯ ಜೋರ್ವೆ. ನೆವಾಸೆಯನ್ನು ಹೆಚ್ಚಿನವರು ಬಲ್ಲದ್ದು ಜ್ಞಾನೇಶ್ವರಿ ಹುಟ್ಟಿದ ಊರೆಂದು. ಪುರಾತತ್ತ್ವದವರಿಗೆ ಈ ಮೂರು ಹೆಸರು ಬೇರೆಯೇ ಕಾರಣಕ್ಕೆ ಮುಖ್ಯ. ದಖನ್ನಿನ ಎರೆನೆಲದಲ್ಲಿ ಊರು ಕಟ್ಟಿ, ಗೋಧಿ ಜವೆ ಬಿತ್ತಿ, ದನ ಸಾಕಿದ ಮೊದಲ ರೈತರ ಜಾಡು ಸಿಕ್ಕಿದ್ದು ಇಲ್ಲಿ. 1950-51ರಲ್ಲಿ ಜೋರ್ವೆಯನ್ನು ಅಗೆದವರು ಎಚ್.ಡಿ. ಸಾಂಕಳಿಯಾ ಮತ್ತು ಎಸ್.ಬಿ. ದೇವ್, ಕೆಂಪು ಮೈಮೇಲೆ ಕಪ್ಪು ಗೆರೆ ಎಳೆದ ಅಲ್ಲಿನ ಮಡಕೆಗಳಿಂದಾಗಿ ಇಡೀ ಸಂಸ್ಕೃತಿಗೇ ಜೋರ್ವೆ ಎಂದು ಹೆಸರು ಬಿತ್ತು. ಈ ರೈತರು ಬಂದ ಬಗೆಗಿಂತ ಅವರು ಹೋದ ಬಗೆ ಹೆಚ್ಚು ಕುತೂಹಲದ್ದು. ಸುಮಾರು ಕ್ರಿ.ಪೂ. 1000ರ ಹೊತ್ತಿಗೆ ದೈಮಾಬಾದ್ ಬರಿದಾಯಿತು, ನೆವಾಸೆಯೂ ಬರಿದಾಯಿತು. ಕಬ್ಬಿಣದ ನೇಗಿಲು ಹಿಡಿದ ಜನ ಮತ್ತೆ ಬಂದು ಪೈಠಣದಂಥ ಪಟ್ಟಣ ಎದ್ದು ನಿಲ್ಲುವವರೆಗೆ ನಡುವೆ ಹಲವು ಶತಮಾನಗಳ ಖಾಲಿ. ಸಾವಿರ ವರ್ಷ ಬೇಸಾಯ ಮಾಡಿದ ಕಣಿವೆಯೊಂದು ಬೇಸಾಯವನ್ನು ಬಿಟ್ಟುಬಿಟ್ಟಿತ್ತು. ಬೀದರ, ಕಲಬುರಗಿ, ರಾಯಚೂರಿನ ಓದುಗರಿಗೆ ಇದು ದೂರದ ಕತೆಯಲ್ಲ. 1956ರವರೆಗೆ ಈ ಊರುಗಳೂ ಈಗ ಸಂಭಾಜಿನಗರವಾಗಿರುವ ಆಗಿನ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನೆಲವೂ ಅದೇ ಎರೆ, ಮಳೆಯೂ ಅದೇ ಕೈಕೊಡುವ ಮಳೆ.

ಬೇಟೆ ಮತ್ತು ಸಂಗ್ರಹದ ಬದುಕಿನಿಂದ ಮನುಷ್ಯ ಬೇಸಾಯಕ್ಕೆ ಬಂದದ್ದನ್ನು ಕುರಿತು ಎರಡು ಕತೆಗಳು ಚಾಲ್ತಿಯಲ್ಲಿವೆ. ಮೊದಲನೆಯದು ಶಾಲೆಯ ಪಠ್ಯದ ಕತೆ. ಮನುಷ್ಯ ಅಲೆದಾಡುತ್ತಿದ್ದ, ಹಸಿದಿದ್ದ, ಕಾಳು ಬಿತ್ತುವುದನ್ನು ಕಲಿತ, ಊರು ಕಟ್ಟಿದ, ನಾಗರಿಕನಾದ. ವಿ. ಗಾರ್ಡನ್ ಚೈಲ್ಡ್ 1936ರಲ್ಲಿ ಇದನ್ನು ‘ನವಶಿಲಾಯುಗದ ಕ್ರಾಂತಿ’ ಎಂದು ಕರೆದ ಮೇಲೆ ಆ ಕತೆಗೆ ವಿದ್ವತ್ತಿನ ಮುದ್ರೆಯೂ ಬಿತ್ತು. ಎರಡನೆಯದು ಅದಕ್ಕೆ ಬಂದ ಮಾರುತ್ತರ. 1966ರಲ್ಲಿ ಷಿಕಾಗೋದಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಮಾರ್ಷಲ್ ಸಾಲಿನ್ಸ್ ಎಂಬ ಮಾನವಶಾಸ್ತ್ರಜ್ಞ, ಕಡಿಮೆ ಬೇಕುಗಳ ಬೇಟೆಗಾರರೇ ಮೊದಲ ಸಮೃದ್ಧ ಸಮಾಜ ಎಂದು ವಾದಿಸಿದ. 1987ರಲ್ಲಿ ಜರೆಡ್ ಡೈಮಂಡ್ ಬೇಸಾಯವನ್ನು ಮನುಕುಲ ಮಾಡಿದ ಅತಿ ದೊಡ್ಡ ತಪ್ಪು ಎಂದ. ಯುವಲ್ ನೋವಾ ಹರಾರಿ ತಮ್ಮ ‘ಸೇಪಿಯನ್ಸ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇತಿಹಾಸದ ಮಹಾ ಮೋಸ ಎಂದರು. ಈ ಎರಡನೆಯ ಕತೆ ಈಗ ಫ್ಯಾಶನ್. ಕಾಲೇಜಿನ ಹುಡುಗರಿಂದ ಹಿಡಿದು ಸಾವಯವ ಕೃಷಿಯ ಉಪನ್ಯಾಸಕರವರೆಗೆ ಎಲ್ಲರ ಬಾಯಲ್ಲೂ ಇದೆ.

ನನ್ನ ವಾದ ಇಷ್ಟು. ಈ ಎರಡು ಕತೆಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಂಡರೂ ಒಳಗೆ ಒಂದೇ. ಒಂದು ಮೆಟ್ಟಿಲು ಹತ್ತಿದೆವು ಎನ್ನುತ್ತದೆ, ಇನ್ನೊಂದು ಅದೇ ಮೆಟ್ಟಿಲಿನಿಂದ ಉರುಳಿದೆವು ಎನ್ನುತ್ತದೆ. ಬೇಟೆ ಒಂದು ಯುಗ, ಬೇಸಾಯ ಇನ್ನೊಂದು ಯುಗ, ನಡುವೆ ಒಮ್ಮೆ ದಾಟಿದರೆ ಮತ್ತೆ ತೆರೆಯದ ಬಾಗಿಲು ಎಂಬುದನ್ನು ಎರಡೂ ಪ್ರಶ್ನಿಸುವುದಿಲ್ಲ. ಪಶ್ಚಿಮ ಏಷ್ಯಾದ ಕೆಲವು ಊರುಗಳ ಮಟ್ಟಿಗೆ ಹಾಗೆ ಹೇಳಲು ಆಧಾರ ಇರಬಹುದು. ದಖನ್ನಿನ ಮಣ್ಣಿನಿಂದ ಎದ್ದ ಪುರಾವೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಬೇಟೆ, ಮೇವು, ಬೇಸಾಯ ಮೂರೂ ನಾಲ್ಕು ಸಾವಿರ ವರ್ಷಗಳಿಂದ ಒಂದೇ ಬಯಲಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇವೆ. ಮಳೆ ಕೊಟ್ಟಾಗ ಒಂದರ ಪಾಲು ಹಿಗ್ಗಿದೆ, ಕೊಡದಾಗ ಇನ್ನೊಂದರದು.

ರೈತರಿಗಿಂತ ಮೊದಲು ಇಲ್ಲಿದ್ದವರು ಯಾರು ಎಂಬುದರಿಂದ ಶುರುಮಾಡಬೇಕು. ಸಂಭಾಜಿನಗರ ಜಿಲ್ಲೆಯ ಉತ್ತರದ ಗಡಿಯ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ, ಜಳಗಾವ್ ಜಿಲ್ಲೆಯ ಚಾಳೀಸಗಾಂವ್ ತಾಲ್ಲೂಕಿನಲ್ಲಿ, ಪಾಟಣೆ ಎಂಬ ಊರಿದೆ. 1972-73ರಲ್ಲಿ ಎಸ್.ಎ. ಸಾಲಿ ಅಲ್ಲಿ ಅಗೆದಾಗ ಸಣ್ಣ ಕಲ್ಲಿನ ಅಲಗುಗಳ ಜೊತೆಗೆ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಗಳೂ ಅಡ್ಡಡ್ಡ ಗೆರೆ ಕೊರೆದ ಚಿಪ್ಪಿನ ಚೂರೂ ಸಿಕ್ಕವು. ಅವುಗಳ ವಯಸ್ಸು ಸುಮಾರು 25,000 ವರ್ಷ. ಮಣಿ ಕೊರೆದು, ತೂತು ಮಾಡಿ, ಪೋಣಿಸಿ ಕೂರುವಷ್ಟು ಪುರಸೊತ್ತು ಇದ್ದ ಜನ ಅವರು. ಹೊಟ್ಟೆಗಿಲ್ಲದೆ ಕಾಡಿನಲ್ಲಿ ಓಡುತ್ತಿದ್ದ ಅರೆಮನುಷ್ಯರ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಇವರ ನಂತರದ ಸಣ್ಣ ಕಲ್ಲಿನಾಯುಧಗಳ ಜನ ದಖನ್ನಿನ ಉದ್ದಗಲಕ್ಕೂ ಇದ್ದರು. ಆದರೆ ಗೋದಾವರಿಯ ಈ ಮೇಲ್ಕಣಿವೆಯಲ್ಲಿ ಬೇಟೆಗಾರರು ತಾವೇ ಹುಲ್ಲುಕಾಳನ್ನು ಬೆಳೆಯಾಗಿ ಪಳಗಿಸಿದರು ಎನ್ನುವ ಪುರಾವೆ ಇಲ್ಲ. ಬೇಸಾಯ ಇಲ್ಲಿಗೆ ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ಕಾಲಕ್ಕೆ, ಚೂರು ಚೂರಾಗಿ ಬಂತು. ಗೋಧಿ, ಜವೆ, ಮಸೂರ ವಾಯವ್ಯದಿಂದ, ಹರಪ್ಪದ ಜಗತ್ತಿನ ಕಡೆಯಿಂದ ಬಂದವು. ಜೋಳ ಸಜ್ಜೆ ಆಫ್ರಿಕದವು, ತಡವಾಗಿ ಬಂದವು. ಜೋಳದ ರೊಟ್ಟಿಯನ್ನು ನಮ್ಮ ಅನಾದಿ ಆಹಾರ ಎಂದು ಎದೆ ತಟ್ಟಿಕೊಳ್ಳುವವರಿಗೆ ಇದು ಸ್ವಲ್ಪ ಕಹಿಯಾಗಬಹುದು.

ಹುರುಳಿ ಮತ್ತು ಹೆಸರಿನ ವಿಚಾರ ಬೇರೆ. ಅವುಗಳನ್ನು ಪಳಗಿಸಿದ ನೆಲೆಗಳಲ್ಲಿ ದಕ್ಷಿಣದ ಪರ್ಯಾಯ ದ್ವೀಪವೂ ಒಂದು. ಡೋರಿಯನ್ ಫುಲರ್, ರವಿ ಕೋರಿಶೆಟ್ಟರ್ ಮೊದಲಾದವರು ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟ ಕಾಳುಗಳನ್ನು ಹೆಕ್ಕಿ ತೋರಿಸಿದ್ದು ಇದನ್ನೇ: ಹುರುಳಿ, ಹೆಸರು, ಕೊರಲೆ, ನವಣೆಯ ಜಾತಿಯ ಒಂದು ಹುಲ್ಲುಕಾಳು. ಗೋಧಿ ಜವೆ ಅಲ್ಲಿಗೆ ಆಮೇಲೆ ಸೇರಿಕೊಂಡವು. ಕರ್ನಾಟಕದ ಬೂದಿದಿಬ್ಬಗಳು ಇನ್ನೂ ಒಂದು ತಿರುವು ಕೊಡುತ್ತವೆ. ಕುಡತಿನಿಯಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ಬೆಟ್ಟದಂತೆ ಬಿದ್ದಿರುವ ಆ ಬೂದಿ ದನದ ಸಗಣಿಯದು. ಹಟ್ಟಿಯಲ್ಲಿ ಕಲೆತ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಆದದ್ದು. ಬೂದಿಹಾಳವನ್ನು ಅಗೆದ ಕೆ. ಪದ್ದಯ್ಯ ಅಲ್ಲಿ ದೊಡ್ಡ ದನದ ಹಟ್ಟಿಯ ಪಕ್ಕದಲ್ಲೇ ಜನವಸತಿಯನ್ನು ಗುರುತಿಸಿದರು. ಅಂದರೆ ನಮ್ಮ ದಕ್ಷಿಣದಲ್ಲಿ ಸಾವಿರಾರು ವರ್ಷಗಳ ಹಿಂದೆ ಬದುಕಿನ ನಡುಗಂಬ ನೇಗಿಲಲ್ಲ, ದನ. ಹೊಲ ಅದರ ಸುತ್ತ ನಿಧಾನವಾಗಿ ಬೆಳೆಯಿತು. ಬೇಟೆಯಿಂದ ಬೇಸಾಯಕ್ಕೆ, ಬೇಸಾಯದಿಂದ ಊರಿಗೆ ಎಂಬ ಸಾಲು ಇಲ್ಲಿ ಹೊಂದುವುದಿಲ್ಲ.

ಪ್ರವರೆಯ ರೈತರು ಹೇಗೆ ಬದುಕಿದರು ಎಂಬುದಕ್ಕೆ ಅತಿ ಹೆಚ್ಚು ವಿವರ ಸಿಗುವುದು ಅದೇ ಜೋರ್ವೆ ಸಂಸ್ಕೃತಿಯ ಇನ್ನೊಂದು ಊರಾದ ಇನಾಮ್‌ಗಾಂವ್‌ನಲ್ಲಿ. ಅದು ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಘೋಡ್ ನದಿಯ ದಂಡೆಯಲ್ಲಿದೆ. ಘೋಡ್ ಭೀಮೆಗೆ ಸೇರುವ ಹೊಳೆ. ಆ ನೀರೇ ಮುಂದೆ ಕಲಬುರಗಿಯ ಸೀಮೆಗೆ ಬರುತ್ತದೆ. 1968ರಿಂದ 1983ರವರೆಗೆ ಡೆಕ್ಕನ್ ಕಾಲೇಜಿನ ಎಂ.ಕೆ. ಧವಳೀಕರ್, ಸಾಂಕಳಿಯಾ, ಝಡ್.ಡಿ. ಅನ್ಸಾರಿ ಅಲ್ಲಿ ಅಗೆದರು. ನೂರಕ್ಕೂ ಹೆಚ್ಚು ಮನೆಗಳ ಜಾಗ ಸಿಕ್ಕಿತು, ಇನ್ನೂರಕ್ಕೂ ಹೆಚ್ಚು ಸಮಾಧಿಗಳೂ ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಮಕ್ಕಳವು. ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿಟ್ಟು, ಮನೆಯ ನೆಲದಡಿಯಲ್ಲೇ ಮಗುವನ್ನು ಹೂಳುತ್ತಿದ್ದರು. ಹೊಳೆಯ ನೀರನ್ನು ತಿರುಗಿಸಲು ತೋಡಿದ ನಾಲೆ ಮತ್ತು ಅದರ ಒಡ್ಡು ಕೂಡ ಇಲ್ಲಿವೆ ಎಂದು ಉತ್ಖನನಕಾರರು ಓದಿದರು. ಜವೆ ಮುಖ್ಯ ಬೆಳೆ. ಗೋಧಿ, ಮಸೂರ, ಬಟಾಣಿ, ಹುರುಳಿ ಇದ್ದವು. ಇಷ್ಟು ಕಟ್ಟುನಿಟ್ಟಿನ ರೈತಾಪಿ ಊರಿನ ತಿಪ್ಪೆಯಲ್ಲಿ ಸಿಕ್ಕ ಮೂಳೆಗಳನ್ನು ನೋಡಿದರೆ ದನ, ಕುರಿ, ಆಡಿನ ಜೊತೆಗೆ ಜಿಂಕೆ ಇದೆ, ಕೃಷ್ಣಮೃಗ ಇದೆ, ಮೀನು ಇದೆ. ಕಾಡಿನ ಬೋರೆಹಣ್ಣಿನ ಬೀಜವೂ ಇದೆ. ಕಣಜ ತುಂಬಿದ್ದಾಗಲೂ ಇವರು ಬೇಟೆ ಬಿಟ್ಟಿರಲಿಲ್ಲ.

ಆಮೇಲೆ ಏನಾಯಿತು ಎಂಬುದು ಮುಖ್ಯ. ಪ್ರವರೆಯ ಊರುಗಳು ಬರಿದಾದರೂ ಇನಾಮ್‌ಗಾಂವ್ ಉಳಿಯಿತು, ಸುಮಾರು ಕ್ರಿ.ಪೂ. 700ರವರೆಗೆ ಎಳೆದುಕೊಂಡು ಹೋಯಿತು. ಈ ಕೊನೆಯ ಮುನ್ನೂರು ವರ್ಷಗಳ ಊರು ಮೊದಲಿನದಲ್ಲ. ವಿಶಾಲವಾದ ಚೌಕ ಮನೆಗಳ ಜಾಗದಲ್ಲಿ ಸಣ್ಣ ದುಂಡು ಗುಡಿಸಲುಗಳು ಬಂದವು. ಮಡಕೆ ಒರಟಾಯಿತು. ಬೆಳೆಯ ಪಾಲು ಇಳಿಯಿತು, ಕಾಡುಪ್ರಾಣಿಗಳ ಮೂಳೆಯ ಪಾಲು ಏರಿತು. ಧವಳೀಕರ್ ಇದನ್ನು ಹೀಗೆ ಓದಿದರು: ಮಳೆ ಕಡಿಮೆಯಾಯಿತು, ಹೊಲ ಕೈಬಿಟ್ಟಿತು, ರೈತರು ಕುರಿ ಮೇಯಿಸಿಕೊಂಡು ಬೇಟೆಯಾಡುತ್ತ ಅರ್ಧ ಅಲೆಮಾರಿಗಳಾದರು. ಪ್ರವರೆಯ ಜನ ಎತ್ತ ಹೋದರು ಎಂಬುದಕ್ಕೂ ಅವರದು ಅದೇ ಬಗೆಯ ಉತ್ತರ. ಈ ಓದು ಸರಿಯಾದರೆ ಮೆಟ್ಟಿಲಿನ ಕತೆ ಅಲ್ಲಿಗೇ ಮುಗಿಯಿತು.

ಆದರೆ ಈ ಓದಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಇನಾಮ್‌ಗಾಂವ್‌ನ ಮಕ್ಕಳ ಮೂಳೆಗಳನ್ನು ಮತ್ತೆ ಅಳೆದ ಗ್ವೆನ್ ರಾಬಿನ್ಸ್ ಶುಗ್ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕೊನೆಯ ಹಂತದ ಮಕ್ಕಳ ಬೆಳವಣಿಗೆ ಮೊದಲಿನವರಿಗಿಂತ ಕುಗ್ಗಿತ್ತು ಎಂಬುದು ಅವರ ಅಳತೆ. ಬೇಟೆಯ ಬದುಕಿಗೆ ಮರಳಿ ಜನ ಚೇತರಿಸಿಕೊಂಡರು ಎನ್ನುವುದಕ್ಕೆ ಇದು ಹೊಂದುವುದಿಲ್ಲ. ಮಳೆ ಏಕಾಏಕಿ ಕೈಕೊಟ್ಟಿತು ಎಂಬ ವಿವರಣೆಯನ್ನೂ ಅವರು ಪ್ರಶ್ನಿಸುತ್ತಾರೆ. ನೆಲದ ಮೇಲೆ ಬಿದ್ದ ಒತ್ತಡ, ಅದರ ಜೊತೆಗೇ ಹೆಚ್ಚು ಹೆರಿಗೆ, ಬರ ತಾಳುವ ಬೆಳೆಗಳ ಮೇಲೆ ಹೆಚ್ಚಿದ ಅವಲಂಬನೆ ಎಂಬ ದಿಕ್ಕಿನಲ್ಲಿ ಅವರ ವಾದ ಸಾಗುತ್ತದೆ. ಇದನ್ನು ಒಪ್ಪಿದರೆ ನನ್ನ ವಾದ ಬಿದ್ದುಹೋಗುವುದೇ? ಇಲ್ಲ, ಇನ್ನಷ್ಟು ನಿಖರವಾಗುತ್ತದೆ ಎನಿಸುತ್ತದೆ. ಬೇಟೆಗೆ ಮರಳಿದರು, ಸುಖವಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬೇಸಾಯ ಎಂಬುದು ಒಮ್ಮೆ ಗೆದ್ದರೆ ಉಳಿಯುವ ಸ್ಥಿತಿಯಲ್ಲ, ವರ್ಷ ವರ್ಷವೂ ಆಡಬೇಕಾದ ಪಣ ಎನ್ನುತ್ತಿದ್ದೇನೆ. ಆ ಪಣದ ಬೆನ್ನಿಗೆ ಹಿಂಡು, ಹೊಳೆ, ಕಾಡು ಇರುವಷ್ಟು ದಿನ ಮನೆ ನಿಲ್ಲುತ್ತದೆ. ಕೊನೆಯ ಹಂತದ ಮಕ್ಕಳ ಮೂಳೆ ಹೇಳುವುದು, ಬೆನ್ನಾಸರೆ ತೆಳುವಾದಾಗ ಬೆಲೆ ತೆತ್ತವರು ಯಾರು ಎಂಬುದನ್ನು.

ಹಾಗಿದ್ದರೆ ಇಷ್ಟು ಅಪಾಯದ ಬದುಕನ್ನು ಜನ ಕೈಗೆತ್ತಿಕೊಂಡದ್ದಾದರೂ ಯಾಕೆ? ಒಬ್ಬೊಬ್ಬರ ಹೊಟ್ಟೆಗೆ ಹೆಚ್ಚು ಸಿಗುತ್ತದೆಂದು ಅಲ್ಲ. ಅದೇ ಅಳತೆಯ ನೆಲದಲ್ಲಿ ಬೇಟೆಗಿಂತ ಬೇಸಾಯ ಹೆಚ್ಚು ಜನರನ್ನು ಸಾಕುತ್ತದೆ. ಒಂದೆಡೆ ನಿಂತ ತಾಯಿಗೆ ಕಂಕುಳಲ್ಲಿ ಕೂಸು ಹೊತ್ತು ನಡೆಯುವ ಕಷ್ಟವಿಲ್ಲ, ಹೆರಿಗೆಗಳ ನಡುವಿನ ಅಂತರ ತಗ್ಗುತ್ತದೆ. ಎರಡು ಮೂರು ತಲೆಮಾರಿನಲ್ಲಿ ಊರು ಎಷ್ಟು ದೊಡ್ಡದಾಗುತ್ತದೆ ಎಂದರೆ ಬರೀ ಕಾಡಿನ ಮೇಲೆ ಬದುಕುವುದು ಸಾಧ್ಯವೇ ಆಗುವುದಿಲ್ಲ. ಎರಡನೆಯ ಕಾರಣ ಕೂಡಿಡುವುದು. ಜಿಂಕೆಯ ಮಾಂಸವನ್ನು ಹಂಚಲೇಬೇಕು, ಇಟ್ಟರೆ ಕೆಡುತ್ತದೆ. ಜವೆಯನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಬಹುದು, ಮುಚ್ಚಿದ ಮೇಲೆ ಕಾವಲು ಹಾಕಬಹುದು. ಇನಾಮ್‌ಗಾಂವ್‌ನಲ್ಲಿ ಐದು ಕೋಣೆಗಳ ಒಂದು ದೊಡ್ಡ ಮನೆ ಇದೆ. ಅದರ ಮಗ್ಗುಲಲ್ಲೇ ಕಣಜ. ಊರಿನ ಉಳಿದವರಲ್ಲಿ ದೊಡ್ಡವರು ಸತ್ತರೆ ಪಾದ ಕತ್ತರಿಸಿ ಹೂಳುತ್ತಿದ್ದ ಜನ, ಒಬ್ಬ ನಡುವಯಸ್ಸಿನ ಗಂಡಸನ್ನು ಮಾತ್ರ ನಾಲ್ಕು ಕಾಲಿನ ಹಸಿಮಣ್ಣಿನ ಗುಡಾಣದಲ್ಲಿ, ಪಾದಗಳನ್ನು ಹಾಗೇ ಬಿಟ್ಟು, ಕೂರಿಸಿ ಹೂತಿದ್ದಾರೆ. ಆ ಮನೆ ಊರ ಗೌಡನದು, ಆ ಗುಡಾಣವೂ ಅಂಥವನದೇ ಎಂದು ಧವಳೀಕರ್ ಊಹಿಸಿದರು. ಊಹೆ ಸರಿಯೋ ತಪ್ಪೋ, ಕಣಜದ ಪಕ್ಕದಲ್ಲಿ ದೊಡ್ಡ ಮನೆ ಇರುವುದಂತೂ ನಿಜ. ಬೇಸಾಯವನ್ನು ಮೋಸ ಎನ್ನುವವರು ಗೋಧಿಯನ್ನು ದೂರುತ್ತಾರೆ. ದೂರಬೇಕಾದ್ದು ಕಣಜದ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂಬುದನ್ನು.

ಬೇಸಾಯ ಇಲ್ಲದಿದ್ದರೆ ವೇರೂಳ (ಎಲ್ಲೋರಾ) ಎಲ್ಲಿ, ಅಜಂತಾ ಎಲ್ಲಿ, ಜ್ಞಾನೇಶ್ವರಿ ಎಲ್ಲಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಬಂಡೆ ಕೊರೆಯುವ ಸಾವಿರ ಕೈಗಳಿಗೆ ಅನ್ನ ಹಾಕಿದ್ದು ಎರೆಹೊಲವೇ ಹೊರತು ಉರುಲಿಗೆ ಬಿದ್ದ ಚಿಗರೆಯಲ್ಲ. ಆದರೆ ಇದೇ ಪ್ರವರೆಯ ದಂಡೆಯಲ್ಲಿ ಸಿಕ್ಕ ಅತಿ ದೊಡ್ಡ ಕಲಾಕೃತಿಗಳನ್ನೂ ಒಮ್ಮೆ ನೋಡಬೇಕು. 1974ರಲ್ಲಿ ದೈಮಾಬಾದಿನಲ್ಲಿ ಮರದ ಬೇರು ಅಗೆಯುತ್ತಿದ್ದ ಒಬ್ಬ ಭಿಲ್ಲನಿಗೆ ನಾಲ್ಕು ಲೋಹದ ಪ್ರತಿಮೆಗಳು ಸಿಕ್ಕವು, ಎಲ್ಲ ಸೇರಿ ಅರವತ್ತು ಕಿಲೋಗೂ ಹೆಚ್ಚು ತೂಕ. ಎತ್ತು ಹೂಡಿದ ರಥ, ಎಮ್ಮೆ, ಆನೆ, ಘೇಂಡಾಮೃಗ. ಲೋಥಲ್ ಖ್ಯಾತಿಯ ನಮ್ಮ ಎಸ್.ಆರ್. ರಾವ್, ಅವರ ನಂತರ ಸಾಲಿ, ಅಲ್ಲಿ ಅಗೆತ ಮುಂದುವರಿಸಿದ್ದು ಇದರ ಬೆನ್ನಿಗೇ. ಆ ಪ್ರತಿಮೆಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಎರಕ ಹೊಯ್ದವನ ಕಣ್ಣಲ್ಲಿ ಎತ್ತಿನಷ್ಟೇ ಘೇಂಡಾಮೃಗಕ್ಕೂ ಜಾಗವಿತ್ತು ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಇನ್ನು, ಬೇಟೆಗಾರರು ಏನಾದರು? ರೈತರ ಮುಂದೆ ಕರಗಿಹೋದರು ಎಂಬುದು ಸಾಮಾನ್ಯ ಉತ್ತರ. ರಾಜಸ್ಥಾನದ ಬಾಗೋರಿನಲ್ಲಿ ವಿ.ಎನ್. ಮಿಶ್ರಾ 1960ರ ದಶಕದ ಕೊನೆಯಲ್ಲಿ ಅಗೆದಾಗ ಕಂಡದ್ದು ಬೇರೆ. ಸಣ್ಣ ಕಲ್ಲಿನ ಅಲಗು ಬಳಸುತ್ತಿದ್ದ ಬೇಟೆಗಾರರು ಕುರಿ ಆಡನ್ನೂ ಸಾಕುತ್ತಿದ್ದರು, ನೆರೆಯ ರೈತರ ಜಗತ್ತಿನಿಂದ ತಾಮ್ರದ ಬಾಣದ ಮೊನೆಗಳನ್ನೂ ಪಡೆದುಕೊಂಡಿದ್ದರು. ಮಾರುಕಟ್ಟೆ ಅಂದೇ ಇತ್ತು. ಹತ್ತಿರದ ಕಾಲಕ್ಕೆ ಬಂದರೆ, ಮಹಾರಾಷ್ಟ್ರದ ಒಣ ಬಯಲಿನಲ್ಲಿ ಕೆ.ಸಿ. ಮಲ್ಹೋತ್ರಾ, ಎಸ್.ಬಿ. ಖೋಮ್ನೆ, ಮಾಧವ ಗಾಡ್ಗೀಳ್ ಮೂರು ಅಲೆಮಾರಿ ಸಮುದಾಯಗಳ ಬೇಟೆಯನ್ನು ಅಭ್ಯಾಸ ಮಾಡಿ 1983ರಲ್ಲಿ ಪ್ರಕಟಿಸಿದರು. ಒಂದೇ ಸೀಮೆಯಲ್ಲಿ ತಿರುಗುವ ಮೂರೂ ಗುಂಪುಗಳು ಒಂದೇ ಪ್ರಾಣಿಗಾಗಿ ಬಡಿದಾಡುವುದಿಲ್ಲ ಎಂಬುದು ಅವರು ಕಂಡ ಸೊಗಸು. ಫಾಸೆ ಪಾರ್ಧಿಗಳು ಉರುಲು ಒಡ್ಡಿ ಕೃಷ್ಣಮೃಗ, ಗೌಜಲಕ್ಕಿ ಹಿಡಿಯುತ್ತಾರೆ. ನಂದಿವಾಲಾಗಳು ನಾಯಿ ಬಿಟ್ಟು ಮುಳ್ಳುಹಂದಿ, ಉಡ, ಕಾಡುಹಂದಿಯ ಬೆನ್ನು ಹತ್ತುತ್ತಾರೆ. ವೈದುಗಳದು ಮುಂಗುಸಿ, ಪುನುಗುಬೆಕ್ಕು, ಕಾಡುಬೆಕ್ಕು. ಊರಿನವರ ಜೊತೆಗೂ ಇವರಿಗೆ ಲೆಕ್ಕಾಚಾರದ ಸಂಬಂಧ. ಬೆಳೆಗೆ ಬೀಳುವ ಹಂದಿ ಚಿಗರೆಗಳನ್ನು ತಗ್ಗಿಸಿ, ಹಕ್ಕಿ ಮಾರಿ, ಗಿಡಮೂಲಿಕೆ ಕೊಟ್ಟು ಪ್ರತಿಯಾಗಿ ಕಾಳು ಒಯ್ಯುವುದು. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿ ಎನಿಸಿಕೊಂಡವರೂ ಪಾರ್ಧಿಗಳ ಬಳಗದವರೇ.

ಇದಕ್ಕೂ ಒಂದು ತಕರಾರು ಉಂಟು. ಇವರು ಶಿಲಾಯುಗದ ಕುಡಿಗಳಲ್ಲ, ರೈತರ ಕಾಳಿಲ್ಲದೆ ಒಂದು ತಿಂಗಳೂ ಬದುಕಲಾರರು, ಹಾಗಾಗಿ ಇವರನ್ನು ಬೇಟೆಗಾರ ಸಮಾಜ ಎನ್ನುವುದೇ ತಪ್ಪು. 1969ರಲ್ಲಿ ರಿಚರ್ಡ್ ಫಾಕ್ಸ್ ಭಾರತದ ಬೇಟೆ-ಸಂಗ್ರಹದ ಸಮುದಾಯಗಳ ಬಗ್ಗೆ ಹೆಚ್ಚು ಕಡಿಮೆ ಇದನ್ನೇ ಹೇಳಿದ: ಅವರು ಹೊರಜಗತ್ತಿಗೆ ಕಾಡಿನ ಸರಕು ಒದಗಿಸುವ ಕಸುಬುದಾರರು. ಆಫ್ರಿಕದ ಕಲಹಾರಿಯ ಬೇಟೆಗಾರರ ಬಗ್ಗೆಯೂ ಮುಂದೆ ಇಂಥದೇ ಜಗಳ ನಡೆಯಿತು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ಮೆಟ್ಟಿಲಿನ ಕತೆಗೇ ನಷ್ಟ. ಪಾರ್ಧಿ ಹಿಂದೆ ಉಳಿದವನಲ್ಲ, ರೈತನ ಸಮಕಾಲೀನ. ಚಮ್ಮಾರ, ಕಮ್ಮಾರ, ಕುರುಬರಂತೆ ಬೇಟೆಗಾರನೂ ದಖನ್ನಿನ ಬೇಸಾಯದ ಏರ್ಪಾಟಿನೊಳಗಿನ ಒಬ್ಬ. ನೇಗಿಲು ಹಿಡಿಯದ ಅವನ ಕಸುಬು ನೇಗಿಲಿನಷ್ಟೇ ಹೊಸದು.

ಹೀಗೆ ಪಕ್ಕದಲ್ಲಿದ್ದವನನ್ನು ಹಿಂದಿನವನೆಂದು ಮಾಡಿದ್ದು ಪುಸ್ತಕ. ಬೇಟೆ, ಪಶುಪಾಲನೆ, ಬೇಸಾಯ, ವ್ಯಾಪಾರ ಎಂಬ ನಾಲ್ಕು ಹಂತಗಳನ್ನು ಆಡಮ್ ಸ್ಮಿತ್ 1760ರ ದಶಕದಲ್ಲಿ ಗ್ಲಾಸ್ಗೋದ ತರಗತಿಗಳಲ್ಲಿ ಪಾಠ ಮಾಡುತ್ತಿದ್ದ. ನೂರು ವರ್ಷದ ಮೇಲೆ ಅದೇ ಬಗೆಯ ಯೋಚನೆ ಇಲ್ಲಿ ಕಾನೂನಾಗಿ ಇಳಿಯಿತು. ಉಳದ ನೆಲ ಪಡ, ನಿಲ್ಲದ ಜನ ಕಳ್ಳರು. 1871ರ ಅಪರಾಧಿ ಬುಡಕಟ್ಟು ಕಾಯಿದೆ, ಅದರ ಮುಂದಿನ ತಿದ್ದುಪಡಿಗಳು ಹುಟ್ಟಿನಿಂದಲೇ ಅಪರಾಧಿ ಎನ್ನುವ ಪಟ್ಟಿಗಳನ್ನು ಮಾಡಿದವು. ಮುಂಬಯಿ ಪ್ರಾಂತ್ಯದಲ್ಲಿ ಅವರನ್ನು ನಿಲ್ಲಿಸಿ ದುಡಿಸಲು ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿ. ಅಲ್ಲಿನವರು ದುಡಿದದ್ದು ಹತ್ತಿ ಗಿರಣಿಗಳಲ್ಲಿ, ರೈಲ್ವೆ ಕಾರ್ಯಾಗಾರಗಳಲ್ಲಿ. ಹುಬ್ಬಳ್ಳಿಯವರ ಬಾಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಒಂದು ಓಣಿಯ ವಿಳಾಸ. 1952ರ ಆಗಸ್ಟ್ 31ರಂದು ಕಾಯಿದೆ ಹೋಯಿತು. ಇಪ್ಪತ್ತು ವರ್ಷದ ಮೇಲೆ 1972ರ ವನ್ಯಜೀವಿ ಕಾಯಿದೆ ಬಂತು. ಕೃಷ್ಣಮೃಗ, ಎರೆಭೂತ ಹಕ್ಕಿಗಳನ್ನು ಉಳಿಸಲು ಅದು ಬೇಕಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹುಲ್ಲುಗಾವಲನ್ನು ಕಬ್ಬು ನುಂಗಿದ್ದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಉರುಲು ಒಡ್ಡುವವನ ಕಸುಬು ಮಾತ್ರ ಅಪರಾಧವಾಯಿತು, ಬದಲಿಗೆ ಬೇರೆ ಕಸುಬು ಯಾರೂ ಕೊಡಲಿಲ್ಲ.

ಇಷ್ಟು ಹೇಳಿದ ಮೇಲೆ, ಬೇಟೆಯ ಬದುಕನ್ನು ನೀವೂ ಮೆರೆಸುತ್ತಿದ್ದೀರಿ ಎಂಬ ಮಾತು ಬಂದೇ ಬರುತ್ತದೆ. ಸಾಲಿನ್ಸ್ ನೆಚ್ಚಿಕೊಂಡ ಕಲಹಾರಿಯ ಅಂಕಿಗಳು ಆಹಾರ ತರುವ ಹೊತ್ತನ್ನು ಮಾತ್ರ ಎಣಿಸಿದ್ದವು. ಕುಟ್ಟಿ, ಒಡೆದು, ಬೇಯಿಸುವ ಹೊತ್ತನ್ನು ಬಿಟ್ಟಿದ್ದವು. ಹೆಂಗಸರ ದುಡಿಮೆಯನ್ನು ಬಿಟ್ಟು ಲೆಕ್ಕ ಮಾಡಿದರೆ ಯಾವ ಸಮಾಜವಾದರೂ ವಿರಾಮದ ಸಮಾಜವೇ. ಅದೇ ಜನರ ನಡುವೆ ಜನಸಂಖ್ಯೆಯ ಅಧ್ಯಯನ ಮಾಡಿದ ನ್ಯಾನ್ಸಿ ಹೊವೆಲ್, ಹುಟ್ಟಿದ ಮಕ್ಕಳಲ್ಲಿ ಸುಮಾರು ಐದಕ್ಕೊಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುದನ್ನು ದಾಖಲಿಸಿದರು. ಇದಕ್ಕಿಂತ ತೂಕದ ಆಕ್ಷೇಪ ಈ ನೆಲದಲ್ಲೇ ಇದೆ. ನಾಸಿಕದ ದಾದಾಸಾಹೇಬ ಗಾಯಕವಾಡರ ಮುಂದಾಳುತನದಲ್ಲಿ 1959ರಲ್ಲಿ, ಮತ್ತೆ 1964ರಲ್ಲಿ ಭೂಹೀನ ದಲಿತರು ಸತ್ಯಾಗ್ರಹ ಮಾಡಿ ಜೈಲು ತುಂಬಿದರು. ಮರಾಠವಾಡಾದಲ್ಲಿ ಅವರು ಕೇಳಿದ್ದು ಗಾಯರಾಣ, ಅಂದರೆ ಊರ ದನ ಮೇಯುವ ನೆಲ, ಉಳಲು ತಮಗೆ ಬೇಕೆಂದು. ಸಾವಿರಾರು ವರ್ಷ ಬೇರೆಯವರ ಕಣಜ ತುಂಬಿದವರಿಗೆ ಸ್ವಂತದ ಒಂದು ತುಂಡು ಹೊಲ ಎಂದರೆ ಮಾನ. ಪಾರ್ಧಿಗಳೂ ಎಷ್ಟೋ ಕಡೆ ಹೀಗೇ ಗಾಯರಾಣ ಉಳುತ್ತಿದ್ದಾರೆ. ಅವರ ಎದುರು ನಿಂತು ಬೇಸಾಯ ಮನುಕುಲದ ಮಹಾತಪ್ಪು ಎಂದು ಹೇಳುವ ಧೈರ್ಯ ಯಾವ ಅಂಕಣಕಾರನಿಗೂ ಬರಬಾರದು. ಇದರ ಜೊತೆಗೇ ಇನ್ನೊಂದು ನಿಜವೂ ಇದೆ. ಗಾಯರಾಣವನ್ನು ಮಾತ್ರ ಹಂಚಿ, ದೊಡ್ಡ ಹಿಡುವಳಿಗಳನ್ನು ಮುಟ್ಟದೆ ಬಿಟ್ಟಿದ್ದರಿಂದ ಊರಿನ ಬಡವರ ಬೆನ್ನಾಸರೆಯೇ ಕರಗಿತು. ಹೊಲ ಸಿಕ್ಕವನಿಗೂ ಮೇವಿನ ನೆಲ ಹೋಯಿತು.

ಆ ಬೆನ್ನಾಸರೆಯ ಬೆಲೆ ಗೊತ್ತಾಗುವುದು ಬರದಲ್ಲಿ. 1876-78ರ ಬರದಿಂದ 1899-1900ರ ಬರದವರೆಗೆ ಮುಂಬಯಿ ಪ್ರಾಂತ್ಯ ಮತ್ತೆ ಮತ್ತೆ ಸುಟ್ಟುಹೋದ ಮೇಲೆ, ಜಿ.ಎ. ಗ್ಯಾಮಿ ಎಂಬ ಸಸ್ಯಶಾಸ್ತ್ರಜ್ಞ ಬರಗಾಲದಲ್ಲಿ ಜನ ತಿಂದ ಸೊಪ್ಪು, ಗಡ್ಡೆ, ಹುಲ್ಲುಬೀಜಗಳ ಪಟ್ಟಿಯನ್ನು 1902ರಲ್ಲಿ ಪ್ರಕಟಿಸಿದ. ಅಂದಿನ ಪ್ರಾಂತ್ಯದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರಗಳೂ ಇದ್ದವು. ಆ ಸೊಪ್ಪು ಗಡ್ಡೆಗಳು ಬರ ಬಿದ್ದ ದಿನ ಯಾರೋ ಕಂಡುಹಿಡಿದವಲ್ಲ. ಯಾವ ಗಡ್ಡೆಯನ್ನು ಎಷ್ಟು ಸಲ ಕುದಿಸಿ ನೀರು ಚೆಲ್ಲಬೇಕು ಎಂಬ ತಿಳಿವಳಿಕೆ ರೈತರ ಮನೆಗಳಲ್ಲಿ ಮೊದಲೇ ಇದ್ದುದರಿಂದ ಅಷ್ಟಾದರೂ ಜೀವ ಉಳಿದವು. 1972ರ ಬರದ ಹೊತ್ತಿಗೆ ಆ ಕಾಡು, ಆ ಬಂಜರು ಬಹಳ ಮಟ್ಟಿಗೆ ಹೋಗಿತ್ತು. ಮಹಾರಾಷ್ಟ್ರದಲ್ಲಿ ಜನರನ್ನು ಹಿಡಿದು ನಿಲ್ಲಿಸಿದ್ದು ಸರ್ಕಾರದ ಬರ ಪರಿಹಾರದ ಕೂಲಿ, ಅದರಿಂದ ಹುಟ್ಟಿದ ಉದ್ಯೋಗ ಖಾತರಿ ಯೋಜನೆ. ಕಾಡಿನ ಜಾಗಕ್ಕೆ ಕೂಲಿ ಬಂತು. 1985ರಲ್ಲಿ ಬಜಾಜ್ ಆಟೊ ಬಂದ ಮೇಲೆ ಬೆಳೆದ ವಾಳೂಜಿನ ಕಾರ್ಖಾನೆಗಳಿಗೂ ಗೋದಾವರಿಯ ಎರಡೂ ದಂಡೆಯ ಒಣಹೊಲದ ಮನೆಗಳು ಮಕ್ಕಳನ್ನು ಕಳಿಸುವುದು ಇದೇ ಲೆಕ್ಕದಲ್ಲಿ. ಒಬ್ಬ ಶಿಫ್ಟಿಗೆ, ಒಬ್ಬ ಹೊಲಕ್ಕೆ, ಒಂದೆರಡು ಆಡು ಮನೆಯಲ್ಲಿ. ಇನಾಮ್‌ಗಾಂವ್‌ನ ಮನೆಯ ಏರ್ಪಾಟಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಂದಿನ ಆಸರೆ ಊರಿನ ಎಲ್ಲೆಯೊಳಗೇ ಇತ್ತು, ಕೇಳದೆ ಕೊಡುತ್ತಿತ್ತು.

ಗೋದಾವರಿಯ ದಕ್ಷಿಣ ದಂಡೆಯ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ದಸರೆ ದೀಪಾವಳಿ ಮುಗಿಯುತ್ತಲೇ ಗಂಡ ಹೆಂಡತಿ ಜೋಡಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗುವವರು ಹೆಚ್ಚು, ನಮ್ಮ ಬೆಳಗಾವಿ ಬಾಗಲಕೋಟೆಯ ಕಾರ್ಖಾನೆಗಳಿಗೆ ಬರುವವರೂ ಇದ್ದಾರೆ. ಗುತ್ತಿಗೆದಾರನಿಂದ ಮುಂಗಡ ಪಡೆದು, ಎತ್ತು, ಕೂಸು, ಪಾತ್ರೆ ಪರಡಿ ಸಮೇತ ಹೊರಟವರು ಐದಾರು ತಿಂಗಳು ಹೊಲದ ಬದುವಿನಲ್ಲಿ ಕೊಪ್ಪೆ ಹಾಕಿಕೊಂಡು ಇರುತ್ತಾರೆ, ಮುಂಗಾರಿಗೆ ಮುಂಚೆ ಮರಳುತ್ತಾರೆ. ಊರಲ್ಲಿ ಅವರಿಗೆ ಎರಡು ಮೂರು ಎಕರೆ ಇರುವುದುಂಟು, ಪಹಣಿಯಲ್ಲಿ ಅವರು ರೈತರು. ನಮ್ಮ ಜನಗಣತಿ ಒಬ್ಬರಿಗೆ ಒಂದು ಮುಖ್ಯ ಕಸುಬನ್ನು ಕೇಳುತ್ತದೆ, ಆರು ತಿಂಗಳ ಗೆರೆ ಎಳೆದು ಮುಖ್ಯ ದುಡಿಮೆಗಾರ, ಅಲ್ಪಾವಧಿ ದುಡಿಮೆಗಾರ ಎಂದು ಭಾಗ ಮಾಡುತ್ತದೆ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಆ ಹೊತ್ತಿಗೆ ಕಬ್ಬಿನ ಹಂಗಾಮು ಸಾಮಾನ್ಯವಾಗಿ ಇನ್ನೂ ನಡೆದಿರುತ್ತದೆ. ಎಣಿಕೆಯವರು ಬೀಡಿನ ಊರಿಗೆ ಹೋದಾಗ ಆ ಮನೆಗಳಲ್ಲಿ ಸಿಗುವವರು ಹೆಚ್ಚಾಗಿ ಮುದುಕರು ಮತ್ತು ಆಡುಗಳು.